ಅವ್ವನ ಪಿಗ್ಮಿ, ಮಣಿಪಾಲದ ಡಾಕ್ಟರು

ಸಂಜೆ ಆರೂವರೆಗೆ ನಮ್ಮ ಓಣಿಯಲ್ಲಿ ಪಿಗ್ಮಿ ಕಾಕಾನ ಗಾಡಿಯ ಹಾರ್ನ್ ಕೇಳಿಸುತ್ತದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಒಲೆಯ ಪಕ್ಕದ ಸ್ಟೀಲ್ ಡಬ್ಬಿಯನ್ನು ಮೊಣಕೈಯಿಂದ ನನ್ನ ಕಡೆ ಸರಿಸುತ್ತಾಳೆ. ಅದರಿಂದ ಐವತ್ತು ರೂಪಾಯಿ ತೆಗೆದು ನಾನು ಕೊಡಬೇಕು, ಕಾಕಾ ಕೈಯಲ್ಲಿನ ಪುಟ್ಟ ಮಷಿನ್ ಒತ್ತಿ ಬೆರಳಗಲದ ಚೀಟಿ ಹರಿದು ಕೊಡುತ್ತಾರೆ. ಸೇಡಂನ ಎರಡು ಖಾನಾವಳಿಗಳಿಗೆ ಅವ್ವ ಕಡಕ್ ರೊಟ್ಟಿ ಮಾಡಿ ಕೊಡುತ್ತಾಳೆ. ಮಳೆ ಇರಲಿ, ಹಬ್ಬ ಇರಲಿ, ಆ ಐವತ್ತು ತಪ್ಪಿದ್ದನ್ನು ನಾನು ನೋಡಿಲ್ಲ. ನನ್ನ ಬಿಇ ಮೊದಲ ವರ್ಷದ ಫೀಸು, ಪರೀಕ್ಷಾ ಶುಲ್ಕ, ಈಗ ಈ ಲೇಖನ ಟೈಪ್ ಮಾಡುತ್ತಿರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಎಲ್ಲವೂ ಆ ಡಬ್ಬಿಯಿಂದಲೇ ಬಂದವು.

ಇಷ್ಟು ವರ್ಷ ಪಿಗ್ಮಿ ಎಂದರೆ ಏನು, ಯಾರು ಶುರು ಮಾಡಿದರು ಎಂದು ನನಗೆ ಅನ್ನಿಸಿರಲೇ ಇಲ್ಲ. ಚಹಾ, ಬೀಡಿ, ಬಸ್ ಸ್ಟ್ಯಾಂಡಿನ ಹಾಗೆ ಅದೂ ಮೊದಲಿನಿಂದ ಇದ್ದದ್ದು ಎಂದುಕೊಂಡಿದ್ದೆ. ಕಳೆದ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ತರಬೇತಿಯವರು ನಮಗೊಂದು ಕೆಲಸ ಕೊಟ್ಟರು. ಹೊಸದೇನನ್ನಾದರೂ ಕಟ್ಟಿದ ಒಬ್ಬ ವ್ಯಕ್ತಿಯ ಬಗ್ಗೆ ಐದು ನಿಮಿಷ ಮಾತಾಡಬೇಕು. ತರಗತಿಯ ಅರ್ಧದಷ್ಟು ಜನ ಸ್ಟೀವ್ ಜಾಬ್ಸ್ ಹೆಸರು ಕೊಟ್ಟರು, ಉಳಿದರ್ಧ ಟಾಟಾ, ಅಂಬಾನಿ. ನನಗೆ ಹೆಸರು ಹೊಳೆಯದೆ ಸಂಜೆ ಮನೆಗೆ ಬಂದಾಗ ಕಾಕಾನ ಮಷಿನ್ ಕಣ್ಣಿಗೆ ಬಿತ್ತು. ಪಿಗ್ಮಿಯ ಹಿಂದೆ ಯಾರಿದ್ದಾರೆ ಎಂದು ಹುಡುಕಿದೆ. ಸಿಕ್ಕವರು ಒಬ್ಬ ಡಾಕ್ಟರು. ಇನ್ನಷ್ಟು ಓದಿದಾಗ ನಮ್ಮ ಮನೆಯ ಇನ್ನೊಂದು ಕಥೆಗೂ ಅವರೇ ಕಾರಣ ಎಂದು ಗೊತ್ತಾಯಿತು. ಅದು ಅಷ್ಟು ಸಿಹಿಯಾದ ಕಥೆಯಲ್ಲ, ಆಮೇಲೆ ಹೇಳುತ್ತೇನೆ.

ಅವರ ಪೂರ್ತಿ ಹೆಸರು ತೋನ್ಸೆ ಮಾಧವ ಅನಂತ ಪೈ. 1898ರ ಏಪ್ರಿಲ್ 30ರಂದು ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ ಹುಟ್ಟಿದರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ನಮ್ಮ ಸೇಡಂ ನಿಜಾಮರ ಸೀಮೆಯಲ್ಲಿತ್ತು. ಹೆಚ್ಚು ಓದಬೇಕಾದರೆ ಅವರು ಮದ್ರಾಸಿಗೆ ಹೋಗಬೇಕು, ನಮ್ಮವರು ಹೈದರಾಬಾದಿಗೆ. ಪೈಯವರು ಮದ್ರಾಸಿನಲ್ಲಿ ವೈದ್ಯಕೀಯ ಓದಿ ಮುಗಿಸಿ ಊರ ಕಡೆಗೇ ಮರಳಿ ವೈದ್ಯ ವೃತ್ತಿ ಹಿಡಿದರು. ಮದ್ರಾಸಿನ ಡಿಗ್ರಿ ಇಟ್ಟುಕೊಂಡು ಹಳ್ಳಿಗೆ ಬರುವುದು ಇಂದಿನ ನಮ್ಮ ಬ್ಯಾಚಿನಲ್ಲಿ ಯಾರಾದರೂ ಮಾಡಿದರೆ ಮನೆಯಲ್ಲಿ ಅಳು ಶುರುವಾಗುತ್ತದೆ.

ಕೈಮಗ್ಗದ ನೇಕಾರರಿಗೆ ಅದು ಕೆಟ್ಟ ಕಾಲ. ಗಿರಣಿ ಬಟ್ಟೆಯೆದುರು ಮಗ್ಗ ನಿಲ್ಲುತ್ತಿರಲಿಲ್ಲ, ನೂಲು ಕೊಳ್ಳಲು ಕೈಯಲ್ಲಿ ದುಡ್ಡಿರಲಿಲ್ಲ. 1925ರಲ್ಲಿ ಡಾಕ್ಟರು, ವ್ಯಾಪಾರಿಯಾಗಿದ್ದ ಅವರ ಅಣ್ಣ ಉಪೇಂದ್ರ ಅನಂತ ಪೈ ಮತ್ತು ಎಂಜಿನಿಯರ್ ವಾಮನ ಕುಡ್ವ ಮೂವರೂ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕ್ ತೆರೆದರು. ಹೆಸರು ಉದ್ದ: ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬಂಡವಾಳ ಚಿಕ್ಕದು, 8,000 ರೂಪಾಯಿ. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಒಬ್ಬ ಡಾಕ್ಟರು, ಒಬ್ಬ ವ್ಯಾಪಾರಿ, ಒಬ್ಬ ಎಂಜಿನಿಯರ್. ಈಗಿನ ಸ್ಟಾರ್ಟಪ್‌ಗಳವರು ಹೇಳಿಕೊಳ್ಳುವ ತಂಡವೇ ಇದು, ತೊಂಬತ್ತೊಂಬತ್ತು ಸ್ಲೈಡುಗಳಿಲ್ಲದೆ!

ಪಿಗ್ಮಿ ಬಂದದ್ದು 1928ರಲ್ಲಿ. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಬ್ಯಾಂಕಿನ ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ. ಬಹಳ ಸಣ್ಣದು ಎನ್ನುವ ಅರ್ಥದಲ್ಲೇ ಪಿಗ್ಮಿ ಎಂಬ ಹೆಸರು. ಇದರ ಜಾಣತನ ನನಗೆ ಅರ್ಥವಾದದ್ದು ಅವ್ವನನ್ನು ನೋಡಿಯೇ. ಅವಳು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತರೆ ಅರ್ಧ ದಿನದ ರೊಟ್ಟಿ ಹೋಯಿತು. ಐವತ್ತು ರೂಪಾಯಿ ಕಟ್ಟಲು ಹೋದರೆ ಕೌಂಟರಿನವರ ಮುಖವೂ ಗಂಟಿಕ್ಕುತ್ತದೆ. ತಿಂಗಳ ಕೊನೆಗೆ ಒಟ್ಟಿಗೆ ಸಾವಿರದೈನೂರು ಉಳಿಸು ಎಂದರೆ ಉಳಿಯುವುದೇ ಇಲ್ಲ, ನಡುವೆ ಯಾರಿಗೋ ಜ್ವರ ಬರುತ್ತದೆ, ಯಾರದೋ ಮದುವೆ ಬರುತ್ತದೆ. ದಿನಗೂಲಿಯ ಮನೆಗೆ ಉಳಿತಾಯವೂ ದಿನದ ಲೆಕ್ಕದಲ್ಲೇ ಆಗಬೇಕು. ಮದ್ರಾಸಿನಲ್ಲಿ ಓದಿ ಬಂದವರೊಬ್ಬರಿಗೆ ಇದು ಹೊಳೆದದ್ದು ದೊಡ್ಡದು.

ನಾನೊಂದು ಲೆಕ್ಕ ಮಾಡಿ ನೋಡಿದೆ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ ಆಗುತ್ತದೆ. 175 ಜನ ನೇಕಾರರು ಒಂದು ವರ್ಷ ತಪ್ಪದೆ ಕಟ್ಟಿದರೆ ಬ್ಯಾಂಕಿನ ಮೂಲ ಬಂಡವಾಳದಷ್ಟು ಹಣ ಸೇರುತ್ತದೆ. ಬಡವರಿಂದ ಏನು ಹುಟ್ಟುತ್ತದೆ ಎಂದು ಉಳಿದ ಬ್ಯಾಂಕುಗಳು ಅಂದುಕೊಂಡ ಕಡೆಯೇ ಇವರಿಗೆ ದುಡ್ಡು ಕಂಡಿತು. ಹಣ ಸಂಗ್ರಹಿಸುವ ಕೆಲಸದಿಂದ ಎಷ್ಟೋ ಯುವಕರಿಗೆ ಕಮಿಷನ್ ಆಧಾರದ ದುಡಿಮೆ ಸಿಕ್ಕಿತು. ಅದು ಪಕ್ಕಾ ನೌಕರಿಯಾಗಿರಲಿಲ್ಲ. ಬ್ಯಾಂಕುಗಳ ಈ ಠೇವಣಿ ಸಂಗ್ರಾಹಕರು ಕೋರ್ಟು ಹತ್ತಿ, ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರೆಂದು ಒಪ್ಪಿತು. ನಮ್ಮ ಕಾಕಾ ಪತ್ತಿನ ಸಹಕಾರ ಸಂಘವೊಂದರ ಪರವಾಗಿ ಸುತ್ತುತ್ತಾರೆ. ಅವರಿಗೆ ಈ ತೀರ್ಪಿನ ಸುದ್ದಿ ಹೇಳಿದಾಗ ನಕ್ಕು ಗಾಡಿ ಹತ್ತಿದರು.

ಬ್ಯಾಂಕು ನಿಂತ ಮೇಲೆ ಪೈಯವರ ಗಮನ ಶಾಲೆ ಕಾಲೇಜುಗಳ ಕಡೆ ಹೊರಳಿತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಬಂತು. ಇಷ್ಟರವರೆಗೆ ಅವರು ಆ ಕಾಲದ ಅನೇಕ ದಾನಿಗಳ ಹಾಗೆಯೇ ಕಾಣುತ್ತಾರೆ. ಬೇರೆಯಾಗಿ ಕಾಣುವುದು 1953ರಲ್ಲಿ, ಕಸ್ತೂರಬಾ ಮೆಡಿಕಲ್ ಕಾಲೇಜಿನಿಂದ.

ಆಗ ಮೆಡಿಕಲ್ ಕಾಲೇಜು ಎಂದರೆ ಒಂದೋ ಸರಕಾರದ್ದು, ಇಲ್ಲವೇ ಮಿಷನರಿಗಳಂಥ ಧರ್ಮಸಂಸ್ಥೆಗಳದ್ದು. ದಕ್ಷಿಣ ಕನ್ನಡದಲ್ಲಿ ಎರಡೂ ಇರಲಿಲ್ಲ. ಕಲಬುರಗಿಯಲ್ಲೂ ಇರಲಿಲ್ಲ. ಮಣಿಪಾಲ ಬೋಳು ಗುಡ್ಡ. ಅಪ್ಪ ಲಾರಿ ಓಡಿಸುತ್ತಾನೆ, ಶಹಾಬಾದಿನ ಪರಸಿ ಕಲ್ಲು ತುಂಬಿಕೊಂಡು ಒಮ್ಮೆ ಆ ಕಡೆ ಹೋಗಿದ್ದ. ನಮ್ಮ ಮನೆಯಲ್ಲಿ ಮಣಿಪಾಲ ನೋಡಿದವನು ಅವನೊಬ್ಬನೇ. ನಮ್ಮಲ್ಲಿ ನೆಲ ಅಗೆದರೆ ಹಾಸುಗಲ್ಲು ಸಿಗುತ್ತದೆ, ಅಲ್ಲಿ ಕೆಂಪು ಮುರಕಲ್ಲು, ಎರಡೂ ಬೆಳೆ ಕೊಡದ ನೆಲ ಎಂಬುದು ಅವನ ಅಭಿಪ್ರಾಯ. ಆ ಗುಡ್ಡದ ಮೇಲೆ ಪೈಯವರು ಕಾಲೇಜು ಇಟ್ಟರು. ಕ್ಲಾಸು ನಡೆಸಬಹುದು, ಆದರೆ ಡಾಕ್ಟರಾಗುವವರಿಗೆ ರೋಗಿಗಳೂ ಬೇಕಲ್ಲ? ಅಷ್ಟು ದೊಡ್ಡ ಆಸ್ಪತ್ರೆ ಅಲ್ಲಿ ಇರಲಿಲ್ಲ. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯನ್ನು ಕಲಿಕೆಗೆ ಬಳಸಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿ ಕಲಿಯುವುದು ಅರವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ. ಮಣಿಪಾಲದ ಸ್ವಂತ ಆಸ್ಪತ್ರೆ ಬಂದದ್ದು 1961ರಲ್ಲಿ. ಸರಕಾರಿ ಆಸ್ಪತ್ರೆ, ಖಾಸಗಿ ಕಾಲೇಜು ಎಂದು ನಾವು ಈಗ ವಾದಿಸುವ ಜೋಡಣೆ ಎಪ್ಪತ್ತು ವರ್ಷಗಳ ಹಿಂದೆಯೇ ಅಲ್ಲಿ ನಡೆದಿತ್ತು.

ಇದಕ್ಕೆಲ್ಲ ದುಡ್ಡು? ವಿದ್ಯಾರ್ಥಿಗಳಿಂದ. ಸೇರುವವರು ಫೀಸಿನ ಜೊತೆ ಕಾಲೇಜು ಕಟ್ಟಲಿಕ್ಕೂ ಹಣ ಕೊಡಬೇಕು. ದೇಶದಲ್ಲಿ ಹೀಗೆ ವಿದ್ಯಾರ್ಥಿಗಳ ಹಣದಿಂದಲೇ ನಿಂತ ಮೊದಲ ಖಾಸಗಿ ಮೆಡಿಕಲ್ ಕಾಲೇಜು ಇದೇ ಎಂದು ಹೇಳುತ್ತಾರೆ. ಕ್ಯಾಪಿಟೇಷನ್, ಡೊನೇಷನ್ ಎಂಬ ಪದಗಳು ಕರ್ನಾಟಕದ ಮನೆಮಾತಾದದ್ದು ಈ ದಾರಿಯಿಂದ. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಫಾರ್ಮಸಿ, 1965ರಲ್ಲಿ ಡೆಂಟಲ್ ಹೀಗೆ ಗುಡ್ಡ ತುಂಬುತ್ತ ಹೋಯಿತು. ಸುಮ್ಮನೆ ಕುಳಿತವರು ನಾವೂ ಅಲ್ಲ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದ ಮರುವರ್ಷವೇ, 1958ರಲ್ಲಿ, ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ ಕಲಬುರಗಿಗೂ ಎಂಜಿನಿಯರಿಂಗ್ ಕಾಲೇಜು ಬಂತು. 1963ರಲ್ಲಿ ಮೆಡಿಕಲ್ ಕಾಲೇಜೂ ಬಂತು. ಸರಕಾರ ಬರಲಿ ಎಂದು ಕಾದಿದ್ದರೆ ನಮ್ಮ ಭಾಗ ಇನ್ನೆಷ್ಟು ವರ್ಷ ಕಾಯಬೇಕಿತ್ತೋ.

ದಿನಾ ಸೇಡಂನಿಂದ ಕಲಬುರಗಿಗೆ ರೈಲಿನಲ್ಲಿ ಹೋಗುವಾಗ ಚಿತ್ತಾಪುರ ದಾಟುತ್ತೇವೆ. ಊರಿನ ಮಗ್ಗುಲಲ್ಲೇ ನಾಗಾವಿ ಇದೆ. ಯಲ್ಲಮ್ಮನ ಜಾತ್ರೆಗೆ ಹೋದವರಿಗೆ ಅರವತ್ತು ಕಂಬದ ಗುಡಿ ಗೊತ್ತಿರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಅಲ್ಲೊಂದು ಘಟಿಕಾಸ್ಥಾನವಿತ್ತು, ಅಂದರೆ ಆ ಕಾಲದ ವಿಶ್ವವಿದ್ಯಾಲಯ. ನೂರಾರು ವಿದ್ಯಾರ್ಥಿಗಳು, ಗುರುಗಳು, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ ಇದ್ದರೆಂದು ಶಾಸನ ಹೇಳುತ್ತದೆ. ನಮ್ಮ ಲೈಬ್ರರಿಯಲ್ಲಿ ಒಬ್ಬರೇ ಇದ್ದಾರೆ, ಅವರೂ ಊಟಕ್ಕೆ ಹೋಗಿರುತ್ತಾರೆ. ನಾಗಾವಿಯಲ್ಲಿ ವಿದ್ಯಾರ್ಥಿ ಫೀಸು ಕಟ್ಟುತ್ತಿರಲಿಲ್ಲ, ಅಧಿಕಾರಿಗಳು ಬಿಟ್ಟ ಭೂಮಿಯ ಹುಟ್ಟುವಳಿಯಿಂದ ಎಲ್ಲ ನಡೆಯುತ್ತಿತ್ತು. ಅರಸೊತ್ತಿಗೆ ಹೋಯಿತು, ಭೂಮಿ ಹೋಯಿತು, ಕಲಿಕೆಯೂ ಹೋಯಿತು. ಕಂಬಗಳು ಉಳಿದವು. ಎಲ್ಲರಿಗೂ ಅಲ್ಲಿ ಪ್ರವೇಶ ಇತ್ತೆಂದೂ ನಾನು ಭ್ರಮಿಸುವುದಿಲ್ಲ. ವೇದ ಓದುವ ಆ ಸಾಲಿನಲ್ಲಿ ನನ್ನ ಅಜ್ಜನ ಅಜ್ಜ ಇರುತ್ತಿರಲಿಲ್ಲ.

ಈ ಮಾತು ರೈಲಿನಲ್ಲಿ ಬಂದಾಗ ಜಪಾನಿನಲ್ಲಿ ನೌಕರಿ ಹಿಡಿಯಲು ಆ ಭಾಷೆ ಕಲಿಯುತ್ತಿರುವ ಸೀನಿಯರ್ ಒಬ್ಬರು ಫುಕುಜಾವಾ ಯುಕಿಚಿ ಎಂಬವರ ಹೆಸರು ಹೇಳಿದರು. ಮಣಿಪಾಲಕ್ಕಿಂತ ಸುಮಾರು ನೂರು ವರ್ಷ ಮೊದಲು ಟೋಕಿಯೋದಲ್ಲಿ ಕೇಯೋ ವಿಶ್ವವಿದ್ಯಾಲಯಕ್ಕೆ ಬೀಜ ಹಾಕಿದವರು. 1835ರಲ್ಲಿ ಹುಟ್ಟಿದ ಬಡ ಸಮುರಾಯ್ ಮನೆತನದ ಹುಡುಗ. ತಂದೆಯ ಕೆಲಸ ಜಮೀನುದಾರ ಪ್ರಭುವಿನ ಸಾಲದ ಲೆಕ್ಕ ನೋಡುವುದು. ಆದರೂ ಶಾಲೆಯಲ್ಲಿ ಮಕ್ಕಳಿಗೆ ಅಂಕಿ ಕಲಿಸುತ್ತಾರೆಂದು ತಿಳಿದು, ಅದು ವ್ಯಾಪಾರಿಗಳ ವಿದ್ಯೆ ಎಂದು ತಂದೆ ಹಿರಿಯ ಮಕ್ಕಳನ್ನು ಶಾಲೆ ಬಿಡಿಸಿದ್ದರಂತೆ. ಮಗ ಕಷ್ಟಪಟ್ಟು ಡಚ್ ಭಾಷೆ ಕಲಿತು 1858ರಲ್ಲಿ ಶಾಲೆ ತೆರೆದರು. ಮರುವರ್ಷ ಯೊಕೊಹಾಮಾ ಬಂದರಿಗೆ ಹೋದರೆ ಅಂಗಡಿ ಬೋರ್ಡೆಲ್ಲ ಇಂಗ್ಲಿಷ್! ವರ್ಷಗಟ್ಟಲೆ ಕಲಿತದ್ದು ಒಂದೇ ದಿನದಲ್ಲಿ ಹಳತಾಯಿತು. ಮೂರನೇ ಸೆಮಿಸ್ಟರ್‌ನಲ್ಲಿ ಕಲಿತ ಸಾಫ್ಟ್‌ವೇರ್ ಈಗ ಯಾರೂ ಬಳಸುವುದಿಲ್ಲ ಎಂದು ಕೇಳಿ ಕುಸಿಯುವ ನಾವು ಅವರನ್ನು ನೆನೆಯಬೇಕು, ಅವರು ಕುಸಿಯದೆ ಇಂಗ್ಲಿಷ್ ಶುರು ಮಾಡಿದರು. 1868ರಲ್ಲಿ ನಗರದಲ್ಲೇ ಯುದ್ಧ ನಡೆದು ಫಿರಂಗಿ ಸದ್ದು ಕೇಳಿಸುತ್ತಿದ್ದಾಗಲೂ ಅರ್ಥಶಾಸ್ತ್ರದ ಪಾಠ ನಿಲ್ಲಿಸಲಿಲ್ಲ.

ನನಗೆ ಬೇಕಾದದ್ದು ಅವರ ಇನ್ನೊಂದು ಕೆಲಸ. ಅಲ್ಲಿಯವರೆಗೆ ಜಪಾನಿನಲ್ಲಿ ಶಿಷ್ಯರು ಗುರುವಿಗೆ ಚೆಂದದ ಕಾಗದದಲ್ಲಿ ಸುತ್ತಿ ಕಾಣಿಕೆ ಕೊಡುತ್ತಿದ್ದರು, ಇಷ್ಟೇ ಎಂದಿರಲಿಲ್ಲ. ಫುಕುಜಾವಾ ಆ ಹೊದಿಕೆ ಬೇಡ ಎಂದರು. ಕಲಿಸುವುದೂ ಮನುಷ್ಯರ ದುಡಿಮೆ, ಅದಕ್ಕೆ ಕೂಲಿ ಕೇಳಲು ನಾಚಿಕೆ ಏಕೆ ಎಂಬುದು ಅವರ ವಾದ. ತಿಂಗಳಿಗೆ ಇಂತಿಷ್ಟು ಎಂದು ಎಲ್ಲರಿಗೂ ಒಂದೇ ಫೀಸು ಇಟ್ಟರು. ಸರಕಾರದ ಹಂಗಿಲ್ಲದೆ ಶಾಲೆ ನಿಂತಿತು, 1890ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ವಿಭಾಗ ಸೇರಿತು. ಅವರು ತೀರಿಕೊಂಡದ್ದು 1901ರಲ್ಲಿ. 1984ರಿಂದ 2024ರವರೆಗೆ ಅಲ್ಲಿನ ಹತ್ತು ಸಾವಿರ ಯೆನ್ ನೋಟಿನ ಮೇಲೆ ಅವರದೇ ಮುಖ. ಫೀಸು ಇಟ್ಟವರ ಮುಖವೇ ನೋಟಿನ ಮೇಲೆ ಬಂದದ್ದು ಕಾಕತಾಳೀಯವಿರಬಹುದು.

ಈ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಕಸಿವಿಸಿ ಶುರುವಾದದ್ದು. ಟೋಕಿಯೋದ ಫೀಸು ಪಾಠದ ಬೆಲೆ. ಡೊನೇಷನ್ ಬಾಗಿಲಿನ ಬೆಲೆ. ಸೀಟು ಕಡಿಮೆ, ಬೇಕಾದವರು ಬಹಳ ಎಂದಾಗ ಬಾಗಿಲಿನ ಬೆಲೆಗೆ ಮಿತಿಯೇ ಇರುವುದಿಲ್ಲ.

ಈಗ ಅಕ್ಕನ ಕಥೆ. ಅವಳು ಪಿಯುಸಿಯಲ್ಲಿ ನನಗಿಂತ ಚೆನ್ನಾಗಿ ಓದಿದವಳು, ಡಾಕ್ಟರ್ ಆಗಬೇಕೆಂದಿದ್ದಳು. ಎರಡು ಸಲ ನೀಟ್ ಬರೆದಳು. 371ಜೆ ಮೀಸಲಾತಿ ಇದ್ದರೂ ಸರಕಾರಿ ಸೀಟಿನ ಕಟಾಫ್ ಸ್ವಲ್ಪದರಲ್ಲೇ ತಪ್ಪಿತು. ಒಂದು ಖಾಸಗಿ ಕಾಲೇಜಿನ ಕಡೆಯಿಂದ ಫೋನ್ ಬಂತು, ಸೀಟು ಇದೆ, ವರ್ಷಕ್ಕೆ ಹನ್ನೊಂದು ಲಕ್ಷ. ಅಪ್ಪ ತಿಂಗಳಿಗೋ ವರ್ಷಕ್ಕೋ ಎಂದು ಕೇಳಲಿಲ್ಲ, ಒಟ್ಟು ಕೋರ್ಸಿಗೋ ಎಂದು ಕೇಳಿದ. ಅವ್ವನ ಪಿಗ್ಮಿ ವರ್ಷಕ್ಕೆ 18,250 ರೂಪಾಯಿ. ಒಂದು ವರ್ಷದ ಫೀಸಿಗೆ ಅರವತ್ತು ವರ್ಷ ರೊಟ್ಟಿ ಬಡಿಯಬೇಕು. ಈ ಭಾಗಾಕಾರವನ್ನು ಆ ರಾತ್ರಿ ಮೊಬೈಲಿನಲ್ಲಿ ಮಾಡಿದವನು ನಾನೇ. ಯಾರಿಗೂ ತೋರಿಸಲಿಲ್ಲ. ಅಕ್ಕ ಬೆಳಿಗ್ಗೆ ಎದ್ದು ನೀಟ್ ಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು ಬಂದಳು.

ಎರಡಾಣೆಯಿಂದ ಉಳಿಸುವುದನ್ನು ಕಲಿಸಿದವರೂ ಅದೇ ಡಾಕ್ಟರು, ಸೀಟಿಗೆ ಬೆಲೆ ಇಡುವ ದಾರಿ ತೆರೆದವರೂ ಅವರೇ. ನನ್ನ ಐದು ನಿಮಿಷದ ಭಾಷಣದಲ್ಲಿ ಇದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ನ್ಯಾಯಾಲಯಗಳೂ ಈ ಗಂಟು ಬಿಡಿಸಲು ವರ್ಷಗಟ್ಟಲೆ ಹೆಣಗಿವೆ. ಪೈಯವರು 1979ರ ಮೇ ತಿಂಗಳಲ್ಲಿ ತೀರಿಕೊಂಡರು. ಐದು ವರ್ಷಕ್ಕೆ, 1984ರಲ್ಲಿ, ಕರ್ನಾಟಕ ಸರಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ತಂದಿತು. ಆದರೂ ಮುಂದುವರಿದ ದುಬಾರಿ ಶುಲ್ಕದ ವಿರುದ್ಧ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಇದು ಸೀಟು ಮಾರಾಟವೇ ಎಂದಿತು. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಇನ್ನೊಂದು ತೀರ್ಪು ಕೊಟ್ಟಿತು: ಖಾಸಗಿಯವರು ಕಾಲೇಜು ನಡೆಸಬಹುದು, ಬೆಳವಣಿಗೆಗೆ ಬೇಕಾದಷ್ಟು ಸೇರಿಸಿ ನ್ಯಾಯವಾದ ಫೀಸು ಇಡಬಹುದು, ಆದರೆ ಲಾಭಕೋರತನ, ಕ್ಯಾಪಿಟೇಷನ್ ಕೂಡದು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಈ ಪ್ರಕರಣದ ಹೆಸರು ಟಿ.ಎಂ.ಎ. ಪೈ ಫೌಂಡೇಷನ್.

ಅವರ ಬಾಳಿನ ಕೊನೆಯ ಹತ್ತು ವರ್ಷ ವಿಚಿತ್ರ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು, ಅವುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ಎರಡಾಣೆಯಿಂದ ಕಟ್ಟಿದ್ದು ಒಂದು ರಾತ್ರಿಯಲ್ಲಿ ಸರಕಾರದ್ದಾಯಿತು. 1972ರಲ್ಲಿ ಅದೇ ಸರಕಾರ ಪದ್ಮಶ್ರೀ ಕೊಟ್ಟಿತು. ಬ್ಯಾಂಕ್ ಮುಂದೆ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರೂ ಅಳಿಯಿತು. ಗುಡ್ಡದ ಮೇಲಿನದ್ದು ಉಳಿಯಿತು, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅವರನ್ನು ಬ್ಯಾಂಕರ್ ಎಂದು ನೆನೆಯುವವರು ಕಡಿಮೆ, ಮಣಿಪಾಲ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಪಿಗ್ಮಿಯೇ ಅವರ ದೊಡ್ಡ ಕೆಲಸ ಎನ್ನಿಸುತ್ತದೆ. ಅದು ಯಾರನ್ನೂ ಬಾಗಿಲಿನಲ್ಲಿ ನಿಲ್ಲಿಸಲಿಲ್ಲ, ತಾನೇ ಬಾಗಿಲಿಗೆ ಬಂತು.

ತರಗತಿಯಲ್ಲಿ ನಾನು ಮಾತಾಡಿ ಮುಗಿಸಿದಾಗ ಮೊದಲು ಕೈ ಎತ್ತಿದವನು ಚಿಂಚೋಳಿಯ ಗೆಳೆಯ. ರೈಲಿಲ್ಲದ ತಾಲ್ಲೂಕಿನವನು, ಹಾಸ್ಟೆಲಿನಲ್ಲಿದ್ದಾನೆ, ಫೀಸಿಗೆ ಅವರಪ್ಪ ಹೊಲದ ಮೇಲೆ ಸಾಲ ತೆಗೆದಿದ್ದಾರೆ. ಸೀಟು ಮಾರುವುದನ್ನು ಶುರು ಮಾಡಿದವರನ್ನು ಹೊಗಳಬೇಕೇ ಎಂದು ಕೇಳಿದ. ವಾಡಿಯ ಹುಡುಗಿಯೊಬ್ಬಳು ಅವನಿಗೆ ಎದುರಾದಳು. ಅವಳ ತಂದೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಗಾರರು. ಖಾಸಗಿ ಕಾಲೇಜುಗಳೇ ಇಲ್ಲದಿದ್ದರೆ ಈ ತರಗತಿಯಲ್ಲಿ ನಮ್ಮಲ್ಲಿ ಎಷ್ಟು ಜನ ಕುಳಿತಿರುತ್ತಿದ್ದೆವು, ಸರಕಾರಿ ಸೀಟುಗಳೆಲ್ಲ ಬೆಂಗಳೂರಿನ ಕೋಚಿಂಗ್‌ನವರಿಗೆ ಹೋಗುತ್ತಿರಲಿಲ್ಲವೇ ಎಂಬುದು ಅವಳ ಪ್ರಶ್ನೆ. ತರಬೇತಿಯವರು ಗಡಿಯಾರ ನೋಡಿದರು. ನನಗೆ ಹತ್ತಕ್ಕೆ ಆರು ಅಂಕ ಬಂತು, ವಿಷಯದಿಂದ ಆಚೆ ಹೋದೆ ಎಂದು ಬರೆದಿದ್ದರು.

ಅಕ್ಕ ಈಗ ಕಲಬುರಗಿಯಲ್ಲಿ ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಅದೂ ಖಾಸಗಿ ಕಾಲೇಜೇ, ಫೀಸು ಅವ್ವನ ಕೈಗೆ ಎಟುಕುವಷ್ಟು. ಭಾನುವಾರ ಮನೆಗೆ ಬಂದಾಗ ಅವಳಿಗೆ ಇದನ್ನೆಲ್ಲ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಮಂಗಳೂರಿನ ಆ ಸರಕಾರಿ ಆಸ್ಪತ್ರೆಗೆ ಹುಡುಗರು ದಿನಾ ಹೇಗೆ ಹೋಗಿ ಬರುತ್ತಿದ್ದರು, ಅಲ್ಲೇ ಉಳಿಯುತ್ತಿದ್ದರಾ ಎಂದು ಮಾತ್ರ ಕೇಳಿದಳು. ಅವಳ ಈ ಸಲದ ಪೋಸ್ಟಿಂಗೂ ಸರಕಾರಿ ಆಸ್ಪತ್ರೆಯಲ್ಲೇ, ರಾತ್ರಿ ಪಾಳಿ.

ಆಗಲೇ ಹಾರ್ನ್ ಕೇಳಿಸಿತು. ಅವ್ವ ಡಬ್ಬಿ ಸರಿಸಿದಳು. ಶ್ರಾವಣಕ್ಕೆ ಖಾತೆಯ ಅವಧಿ ಮುಗಿಯುತ್ತದೆ, ಅಕ್ಕನ ಕೊನೆಯ ವರ್ಷದ ಫೀಸಿಗೆ ಅದೇ ಹಣ. ಅದು ಕೈಗೆ ಬಂದ ಮರುದಿನವೇ ಹೊಸ ಖಾತೆ ತೆರೆಯಬೇಕಂತೆ, ಅರವತ್ತು ರೂಪಾಯಿಯದು. ಜೋಳದ ರೇಟು ಏರಿದೆ, ಹತ್ತು ರೂಪಾಯಿ ಎಲ್ಲಿಂದ ಎಂದು ನಾನು ಕೇಳಿದ್ದಕ್ಕೆ ಅವ್ವ ಉತ್ತರ ಕೊಡಲಿಲ್ಲ. ಕಾಕಾ ಕೊಟ್ಟ ಚೀಟಿಯನ್ನು ಅಕ್ಕ ಇಸಿದುಕೊಂಡು ದೇವರ ಫೋಟೋದ ಹಿಂದಿನ ಕಟ್ಟಿಗೆ ಸೇರಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ರೈಲಿಗೆ ಹೊರಟಳು.